ಜೇಬಿಲ್ಲದ ಅಂಗಿ

ಜೇಬಿನ ಮೂಲೆಯ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಮೆಲ್ಲಗೆ ಎತ್ತಿ ಕತ್ತರಿಸಿ, ಬಿಟ್ಟುಕೊಂಡ ದಾರವನ್ನು ಎರಡು ಬೆರಳಲ್ಲಿ ಹಿಡಿದು ಅಕ್ಕ ಎಳೆದಳು. ಅರ್ಧ ಬಂದು ಕಚ್ಚಿಕೊಂಡಿತು. ರೆಡಿಮೇಡ್ ಅಂಗಿಗಳ ಹಣೆಬರಹವೇ ಅಷ್ಟು. ಬೇಕಾದ ಕಡೆ ಎರಡು ಹೊಲಿಗೆ ಹೆಚ್ಚು ಹಾಕಿರುವುದಿಲ್ಲ, ಬಿಚ್ಚಲು ಕೂತರೆ ಬೇಡದ ಕಡೆಯೆಲ್ಲ ಗಂಟು. ಅವಳು ಗಂಟನ್ನು ಬ್ಲೇಡಿನಿಂದ ಕೆದಕಿದಳು. ಎಡಗಡೆ ಜೇಬಿರುವ ಅಂಗಿಗಳ ರಾಶಿ ಸೊಂಟದೆತ್ತರ ಇತ್ತು. ಬಲಗಡೆ ಜೇಬು ಕಿತ್ತವು ಇನ್ನೂ ಮೊಣಕಾಲಿಗೂ ಬಂದಿರಲಿಲ್ಲ.

ತಮ್ಮನ ಪಿ.ಎ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದ.

"ಸಾಯಂಕಾಲದ ಸಭೆ ಹೊತ್ತಿಗೆ ಆಗುತ್ತಲ್ವಾ ಅಕ್ಕ?"

"ಆಗದೆ ಏನು? ಹೊಲಿಯೋದಾದರೆ ಹೊತ್ತು ಬೇಕು, ಇದು ಬಿಚ್ಚೋದು ತಾನೆ." ಅಕ್ಕ ಕೈಯಲ್ಲಿದ್ದ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಆದರೆ ನೋಡಿಲ್ಲಿ. ಸುತ್ತ ಸೂಜಿ ತೂತು. ಇಲ್ಲೊಂದು ಜೇಬಿತ್ತು, ಕಿತ್ತಿದ್ದಾರೆ ಅಂತ ಕುರುಡನಿಗೂ ಗೊತ್ತಾಗುತ್ತೆ."

"ಸಭೇಲಿ ಯಾರು ಎದೆ ಹತ್ತಿರ ಬಗ್ಗಿ ನೋಡ್ತಾರೆ ಅಕ್ಕ? ದೂರದಿಂದ ಬೆಳ್ಳಗೆ ಕಂಡರೆ ಸಾಕು. ಇವತ್ತು ಮೈದಾನದಲ್ಲಿ ನಮ್ಮವರೆಲ್ಲ ಜೇಬಿಲ್ಲದ ಅಂಗೀಲಿ ನಿಂತರೆ, ನಾಳೆ ಆ ಅಂಗಿಗೆ ಏನೋ ಅರ್ಥ ಇದೆ ಅಂತ ಯಾರೂ ಬಾಯಿ ಬಿಡೋ ಹಾಗಿಲ್ಲ."

ಅಕ್ಕ ಇನ್ನೊಂದು ಅಂಗಿ ಎಳೆದುಕೊಂಡಳು. ಪಿ.ಎ. ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, ನಿಜವಾಗಿ ಬಂದ ಕೆಲಸಕ್ಕೆ ಬಂದ.

"ಆ ಕಾಗದ ಆಯ್ತಾ? ತನಿಖೆ ಆಫೀಸಿಂದ ಎರಡನೇ ಸಲ ನೆನಪಿಸಿದ್ದಾರೆ. ಇವತ್ತು ಟಪಾಲಿಗೆ ಬೀಳದಿದ್ದರೆ ನಿಮ್ಮನ್ನೇ ಕರೆಸಿ ಕೂರಿಸ್ತಾರೆ. ಒಂದೇ ಸಾಲು ತಾನೆ ಅಕ್ಕ?"

"ಒಂದೇ ಸಾಲು," ಎಂದಳು ಅಕ್ಕ. "ಬರೀತೀನಿ ಹೋಗು."

ಆ ಒಂದು ಸಾಲು ಆಗಲೇ ಬರೆದಾಗಿತ್ತು. ಬರೆದು ಎಷ್ಟೋ ವಾರವಾಗಿತ್ತು. ಮೆಷಿನ್ನಿನ ಡ್ರಾಯರಿನಲ್ಲಿ, ದಾರದ ಬಾಬಿನ್ ಡಬ್ಬಿಯ ಕೆಳಗೆ ಮಡಿಸಿಟ್ಟಿದ್ದಳು. ಅದರ ಕೆಳಗೆ ತನ್ನ ಹೆಸರು ಬರೆಯಲು ಮಾತ್ರ ಕೈ ಬರುತ್ತಿರಲಿಲ್ಲ. ಪ್ರತಿ ದಿನ ಡ್ರಾಯರು ಎಳೆದು, ಕಾಗದ ನೋಡಿ, ಹಾಗೇ ಮುಚ್ಚುತ್ತಿದ್ದಳು.

ಅಕ್ಕ ಅಂದರೆ ಊರಿಗೆಲ್ಲ ಅಕ್ಕ. ಹುಟ್ಟಿದಾಗ ಇಟ್ಟ ಹೆಸರು ಅವಳಿಗೇ ಮರೆತುಹೋಗುವಷ್ಟು ವರ್ಷದಿಂದ ಅಕ್ಕ. ಮೊದಲು ಒಬ್ಬನಿಗೆ ಅಕ್ಕನಾಗಿದ್ದಳು, ಅಷ್ಟೆ. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದಾಗ ತಮ್ಮ ಇನ್ನೂ ಚಡ್ಡಿಯ ಗುಂಡಿ ತಾನೇ ಹಾಕಿಕೊಳ್ಳಲು ಬಾರದವನು. ಅವಳಿಗೆ ಹೊಲಿಗೆ ಬರುತ್ತಿತ್ತು, ಒಂದು ಹಳೆ ಮೆಷಿನ್ನೂ ಇತ್ತು. ಮದುವೆಯ ಮಾತು ತಂದವರಿಗೆಲ್ಲ, "ಇವನೊಂದು ದಡ ಸೇರಲಿ" ಅಂದಳು. ಇವನು ದಡ ಸೇರುವ ಹೊತ್ತಿಗೆ ಮಾತು ತರುವವರೇ ನಿಂತುಹೋಗಿದ್ದರು.

ತಮ್ಮನಿಗೆ ನೀರು ಬಿಡುವ ಕೆಲಸ ಸಿಕ್ಕಿತು. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲೆ ಹೊತ್ತು, ಬೀದಿ ಬೀದಿಯ ವಾಲ್ವು ತಿರುಗಿಸಿ ಮನೆಗಳಿಗೆ ನೀರು ಹರಿಸುವ ಕೆಲಸ. ಯಾವ ಮನೆಯಲ್ಲಿ ಎಷ್ಟು ಕೊಡ, ಯಾವ ಓಣಿಯ ಕೊನೆಗೆ ನೀರು ಏರುವುದಿಲ್ಲ, ಎಲ್ಲ ಅವನ ಬಾಯಲ್ಲಿ. ಮೇಲಿನವರು ಆ ನೀರನ್ನೇ ಟ್ಯಾಂಕರಿನವರಿಗೆ ಮಾರುತ್ತಿದ್ದಾರೆಂದು ಗೊತ್ತಾದಾಗ, ಟ್ಯಾಂಕರಿನ ಮುಂದೆ ನಡುರಸ್ತೆಯಲ್ಲಿ ಕಾಲು ಚಾಚಿ ಮಲಗಿಬಿಟ್ಟ. ಕೆಲಸ ಹೋಯಿತು. ಕೆಲಸ ಹೋದವನನ್ನು ಬೀದಿಯವರೇ ವಾರ್ಡಿನ ಚುನಾವಣೆಗೆ ನಿಲ್ಲಿಸಿದರು.

ಚುನಾವಣೆಗೆ ನಿಂತವನಿಗೆ ಒಂದು ಹೊಸ ಅಂಗಿ ಬೇಡವೇ? ಯಾರದೋ ಬಟ್ಟೆಯಲ್ಲಿ ಮಿಕ್ಕ ತುಂಡುಗಳನ್ನು ಜೋಡಿಸಿ ಅಕ್ಕ ಹೊಲಿದಳು. ತೋಳಿಗೆ ಸಾಕಾಯಿತು, ಕಾಲರಿಗೆ ಹೇಗೋ ಹೊಂದಿಸಿದಳು, ಜೇಬಿಗೆ ಉಳಿಯಲಿಲ್ಲ.

"ಜೇಬಿಗೆ ಬಟ್ಟೆ ಸಾಲಲಿಲ್ಲ ಕಣೋ."

"ಬಿಡಕ್ಕ, ಜೇಬಲ್ಲಿ ಹಾಕ್ಕೊಳೋಕೆ ನನ್ನ ಹತ್ತಿರ ಏನಿದೆ ಮಣ್ಣು?"

ಅದೇ ಅಂಗಿಯಲ್ಲಿ ಭಾಷಣಕ್ಕೆ ನಿಂತಿದ್ದಾಗ ಗುಂಪಿನಿಂದ ಒಬ್ಬ ಕೂಗಿದ: "ಗೆದ್ದ ಮೇಲೆ ನಿನ್ನ ಜೇಬಿಗೆ ಎಷ್ಟು ಬೀಳುತ್ತೆ ಹೇಳಪ್ಪ!" ತಮ್ಮ ಮಾತು ನಿಲ್ಲಿಸಿ, ಎದೆ ನೋಡಿಕೊಂಡ. ಎಡಕ್ಕೆ ತಡವಿದ, ಬಲಕ್ಕೆ ತಡವಿದ. "ಎಲ್ಲಪ್ಪಾ ಜೇಬು? ನೀನೇ ಬಂದು ಹುಡುಕಿಕೊಡು," ಎಂದ. ಜನ ಬಿದ್ದು ಬಿದ್ದು ನಕ್ಕರು. ನಕ್ಕವರೆಲ್ಲ ಓಟು ಹಾಕಿದರು. ಅಂದಿನಿಂದ ಅವನು ಜೇಬಿಲ್ಲದಣ್ಣ. ವಾರ್ಡಿನಿಂದ ವಿಧಾನಸಭೆಗೆ, ಅಲ್ಲಿಂದ ನೀರು ಸರಬರಾಜಿನ ಮಂತ್ರಿಗಿರಿಗೆ ಅವನು ಏರಿದ್ದು ಆ ಹೆಸರಿನ ಮೇಲೆಯೇ. ಬಟ್ಟೆಗೇನೂ ಬರ ಇಲ್ಲದ ಕಾಲ ಬಂದಮೇಲೂ ಜೇಬಿಲ್ಲದ ಅಂಗಿಯನ್ನೇ ತೊಟ್ಟ. ಕನ್ನಡಕ, ಮಾತ್ರೆ, ಕರ್ಚೀಫು, ಎರಡು ಫೋನು ಎಲ್ಲ ಹೆಂಡತಿಯ ವ್ಯಾನಿಟಿ ಬ್ಯಾಗಿನಲ್ಲಿ. "ನಿಮ್ಮ ತಮ್ಮನ ಜೇಬು ನಾನೇ ಅಕ್ಕ," ಎಂದು ಅವಳು ನಗುತ್ತಿದ್ದಳು. ಅಕ್ಕನೂ ನಗುತ್ತಿದ್ದಳು. ಬ್ಯಾಗು ಮಾತ್ರ ವರ್ಷ ವರ್ಷ ದೊಡ್ಡದಾಗುತ್ತಿತ್ತು.

ಮಂತ್ರಿಯ ಮನೆಗೆ ಬಂದಮೇಲೆ ಅಕ್ಕ ಮೆಷಿನ್ನು ಬಿಡಲಿಲ್ಲ. ಕೈ ಸುಮ್ಮನಿದ್ದರೆ ಮೈ ಜಡ್ಡುಗಟ್ಟುತ್ತದೆ ಎಂದು ಮುಂಬಾಗಿಲ ಪಕ್ಕದ ಕೋಣೆಯಲ್ಲಿ ಹೊಲಿಗೆ ಇಟ್ಟುಕೊಂಡಳು. ಗುಂಡಿ ತೂರುವ ಕಾಜಾ ಹೊಲಿಯಲು, ಗುಂಡಿ ಹಚ್ಚಲು ಹಳೆ ಬೀದಿಯ ಕಾಜಾದವಳು ಬರುತ್ತಿದ್ದಳು. ಇಬ್ಬರೂ ಮಾತಾಡಿಕೊಂಡು ಹೊಲಿಯುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಹೀಗಿರುವಾಗ ತಮ್ಮ ಒಂದು ಹೊಸ ಅಭ್ಯಾಸ ಶುರುಮಾಡಿದ. ಒಳಗಿನ ಕೋಣೆಯಲ್ಲಿ ಅವನನ್ನು ಕಂಡು ಮಾತಾಡಿದ ದೊಡ್ಡ ದೊಡ್ಡ ಗುತ್ತಿಗೆದಾರರಲ್ಲಿ ಕೆಲವರಿಗೆ, ಹೊರಡುವಾಗ, "ಹಾಗೇ ನಮ್ಮಕ್ಕನ ಹತ್ತಿರ ಒಂದು ಅಂಗಿ ಹೊಲಿಸ್ಕೊಂಡು ಹೋಗಿ," ಎನ್ನುತ್ತಿದ್ದ. ಎಲ್ಲರಿಗಲ್ಲ, ಕೆಲವರಿಗೆ. ಅವರು ಬಂದು ಅಕ್ಕನ ಮುಂದೆ ಶಾಲೆಯ ಮಕ್ಕಳ ಹಾಗೆ ತೋಳು ಚಾಚಿ ನಿಲ್ಲುತ್ತಿದ್ದರು.

"ಜೇಬು ಬೇಡ ಅಕ್ಕ, ಸಾಹೇಬರ ಹಾಗೇ ಇರಲಿ," ಎನ್ನುತ್ತಿದ್ದರು ಒಬ್ಬರಾದಮೇಲೆ ಒಬ್ಬರು.

ಅಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತಮ್ಮನಿಗೆ ತನ್ನ ಕೈಕೆಲಸದ ಮೇಲೆ ಎಷ್ಟು ಅಭಿಮಾನ! ಯಾರಾದರೂ ಕೂಲಿಗಿಂತ ಹೆಚ್ಚು ಕೊಟ್ಟರೆ ಚಿಲ್ಲರೆ ಹಿಡಿದು ಗೇಟಿನವರೆಗೂ ಓಡುತ್ತಿದ್ದಳು. "ನಾವು ಜೇಬಿಲ್ಲದವರು ಕಣಪ್ಪ," ಎಂದು ತಮಾಷೆ ಮಾಡಿ ವಾಪಸು ಕೊಡುತ್ತಿದ್ದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಅಷ್ಟೊಂದು ನಗುವಂಥ ಮಾತು ತಾನೇನಾಡಿದೆ ಎಂದು ಅವಳಿಗೆ ಒಂದೆರಡು ಸಲ ಅನಿಸಿದ್ದುಂಟು.

ಆಮೇಲೆ ಸಣಕಲ ಬಂದ. ಅವನನ್ನು ಯಾರೂ ಕಳಿಸಿರಲಿಲ್ಲ. ಚರಂಡಿ, ಕಾಂಪೌಂಡು, ಇಂಥ ಸಣ್ಣಪುಟ್ಟ ಕೆಲಸ ಮಾಡಿಸುವ ಗುತ್ತಿಗೆದಾರ. ಮೈ ಎಂಥದೆಂದರೆ ಎದೆಗೆ ಟೇಪು ಸುತ್ತಿದರೆ ತುದಿ ಇನ್ನೂ ನೇತಾಡುತ್ತಿತ್ತು. ಹಿಂಬಾಗಿಲಿಂದ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.

"ಅಕ್ಕಾ, ನನಗೂ ಒಂದು ಜೇಬಿಲ್ಲದ ಅಂಗಿ ಹೊಲಿದುಕೊಡಿ. ಎಲ್ಲರಿಗಿಂತ ಕಡಿಮೆ ರೇಟು ಬರೆದು ಹಾಕ್ತೀನಿ, ಆದರೂ ನನಗೆ ಒಂದು ದೊಡ್ಡ ಕೆಲಸ ಆಗಿಲ್ಲ. ಟೆಂಡರ್ ತೆಗೆಯೋ ದಿನ ನಿಮ್ಮ ಅಂಗಿ ಹಾಕ್ಕೊಂಡು ಯಾರು ಬಂದು ಕೂರ್ತಾರೋ ಅವರಿಗೇ ಆಗುತ್ತೆ. ಕಣ್ಣಾರೆ ನೋಡಿದ್ದೀನಿ."

"ಅಯ್ಯೋ ಹುಚ್ಚಪ್ಪ! ನನಗೆ ಅಂಥ ಕೈಗುಣ ಇದ್ದಿದ್ದರೆ ನಾನ್ಯಾಕೆ ಇನ್ನೂ ಮೆಷಿನ್ ತುಳೀತಾ ಕೂತಿರ್ತಿದ್ದೆ?"

"ನಿಮಗೆ ಗೊತ್ತಿಲ್ಲ ಅಕ್ಕ," ಎಂದ ಅವನು. ಅವಳ ಮುಖವನ್ನು ದಿಟ್ಟಿಸಿ ನೋಡಿ, "ನಿಜವಾಗ್ಲೂ ನಿಮಗೆ ಗೊತ್ತಿಲ್ಲ," ಎಂದು ಇನ್ನೊಂದು ಸಲ ತನಗೆ ತಾನೇ ಅಂದುಕೊಂಡ.

ಪಾಪ ಎನಿಸಿತು. ಒಂದಂಗಿ ಹೊಲಿದರೆ ತನ್ನ ಗಂಟೇನು ಹೋಗುತ್ತದೆ? ಹೊಲಿದುಕೊಟ್ಟಳು. ಭುಜಕ್ಕೆ ಸ್ವಲ್ಪ ತುಂಬಿಕೊಂಡು ಕಾಣಲೆಂದು ಒಳಗೊಂದು ಪಟ್ಟಿಯನ್ನೂ ಇಟ್ಟಳು.

ಸಣಕಲನಿಗೆ ಕೆಲಸ ಆಯಿತು. ಹೊಸ ಬಡಾವಣೆಗೆ ನೀರಿನ ಓವರ್‌ಹೆಡ್ ಟ್ಯಾಂಕು ಕಟ್ಟುವ ಕೆಲಸ! ಆ ಸಾಯಂಕಾಲ ತಮ್ಮ ಕಾರಿನಿಂದ ಇಳಿದವನೇ ನೆಟ್ಟಗೆ ಅವಳ ಕೋಣೆಗೆ ಬಂದ. ಹುಟ್ಟಿದಾಗಿನಿಂದ ಅಕ್ಕನಿಗೆ ಎದುರಾಡದವನು ಆವತ್ತು ಮೇಜಿನ ಮೇಲಿದ್ದ ಕತ್ತರಿ ಎತ್ತಿ ಕುಕ್ಕಿದ.

"ನಾನು ಕಳಿಸದವರಿಗೆ ಹೊಲಿಯಬೇಡ ಅಂದರೆ ಹೊಲಿಯಬೇಡ!"

"ಹಾಗಂತ ಅಂದಿರಲಿಲ್ಲವಲ್ಲೋ."

"ಈಗ ಅಂತಿದ್ದೀನಿ. ಬೇರೆಯವನಿಗೆ ಮಾತು ಕೊಟ್ಟಿದ್ದೆ. ಅವನ ಮುಂದೆ ನನ್ನ ಮಾನ ಮೂರು ಕಾಸಿಗೆ ಹೋಯ್ತು. ಟೆಂಡರ್ ತೆಗೆದ ಆಫೀಸರು ಅಂಗಿ ನೋಡಿದ, ಕೆಲಸ ಆ ಸಣಕಲನಿಗೇ ಬರೆದು ಫೈಲು ಮುಚ್ಚಿದ!"

ಅಕ್ಕ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಳು. ಆವತ್ತು ಅವಳಿಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳು. ಗೊತ್ತಾಯಿತು ಎಂದರೂ ಪೂರ್ತಿ ನಿಜವಲ್ಲ. ಬಾಯಿಂದ ಒಂದು ಮಾತಿಲ್ಲ, ಕೈಯಿಂದ ಒಂದು ಗೀಟಿಲ್ಲ, ಫೋನಿಲ್ಲ, ಚೀಟಿಯಿಲ್ಲ. ಹಣ ಎಲ್ಲೋ ಕೈ ಬದಲಾಯಿಸಿರುತ್ತದೆ. ಟೆಂಡರ್ ತೆಗೆಯುವ ಮೇಜಿನ ಮುಂದೆ ಒಬ್ಬನ ಎದೆ ಬೋಳಾಗಿರುತ್ತದೆ. ಅಷ್ಟು ಸಾಕು. ಆ ಮುದ್ರೆಯನ್ನು ಒತ್ತುತ್ತಿದ್ದದ್ದು ತನ್ನ ಮೆಷಿನ್ನು. ಈ ಯೋಚನೆ ಬಂತು, ಬಂದದ್ದನ್ನು ಅವಳು ಬಾಗಿಲಲ್ಲೇ ನಿಲ್ಲಿಸಿದಳು. ತಮ್ಮ ಕಳಿಸಿದವರು ಮತ್ತೆ ಬಂದರು, ಅವಳು ಹೊಲಿದಳು. ಅಳತೆ ತೆಗೆಯುವಾಗ ಮುಖ ನೋಡುವುದನ್ನು ಮಾತ್ರ ಬಿಟ್ಟಳು.

ಟ್ಯಾಂಕು ಎದ್ದಿತು. ಮೊದಲ ಸಲ ತುಂಬ ನೀರು ಏರಿಸಿದ ದಿನ, ಹಾಡು ಹಗಲಲ್ಲಿ, ಒಂದು ಕಾಲು ಮುರಿದ ಕುರ್ಚಿಯ ಹಾಗೆ ಒಂದು ಪಕ್ಕಕ್ಕೆ ವಾಲಿ ಬಿದ್ದಿತು. ಅದರ ನೆರಳಲ್ಲಿ ಕಾಜಾದವಳ ಗಂಡ ಸೈಕಲ್ ರಿಪೇರಿ ಇಟ್ಟುಕೊಂಡಿದ್ದ. ಅವನ ಜೊತೆಗೆ ಸೈಕಲ್ಲಿಗೆ ಗಾಳಿ ಹಾಕಿಸಲು ನಿಂತಿದ್ದವರೂ ಅಡಿಗೆ ಸಿಕ್ಕಿ ಸತ್ತರು. ಸಿಮೆಂಟು ಎಷ್ಟು, ಮರಳು ಎಷ್ಟು, ಕಂಬಿ ಎಷ್ಟು ದಪ್ಪ ಎಂದು ನೋಡಬೇಕಾದ ಇಂಜಿನಿಯರುಗಳು ಯಾರೂ ನೋಡಿರಲಿಲ್ಲ. ಅಂಗಿ ತೊಟ್ಟವನ ಕೆಲಸವನ್ನು ತಡವುವ ಧೈರ್ಯ ಯಾರಿಗಿತ್ತು? ಅವನು ಮೇಲಿನವರ ಮನುಷ್ಯ ಎಂದು ಅವರು ತಿಳಿದರು. ಹೇಗೂ ಯಾರೂ ನೋಡುವುದಿಲ್ಲವಲ್ಲ ಎಂದು ಸಣಕಲ ತಿಳಿದ.

ಪತ್ರಿಕೆಯೊಂದು ಹಳೆಯ ಟೆಂಡರುಗಳ ಫೋಟೋ ಹುಡುಕಿ ತೆಗೆದು ಸಾಲಾಗಿ ಅಚ್ಚು ಹಾಕಿತು. ಎಲ್ಲದರಲ್ಲೂ ಗೆದ್ದವನ ಎದೆಯ ಮೇಲೆ ಜೇಬಿಲ್ಲ. ಅಕ್ಕ ಪತ್ರಿಕೆಯನ್ನು ಕಿಟಕಿಯ ಹತ್ತಿರ ಹಿಡಿದು ಒಂದೊಂದೇ ಕಾಲರು ನೋಡಿದಳು. ಹೆತ್ತವರು ಮಕ್ಕಳ ಗುರುತು ಹಿಡಿಯುವ ಹಾಗೆ ಹಿಡಿದಳು.

ತಮ್ಮನ ಮಂತ್ರಿಗಿರಿ ಹೋಯಿತು. ಕೆಂಪು ದೀಪದ ಕಾರು ಹೋಯಿತು, ಗೇಟಿನ ಕಾವಲಿನವನು ಹೋದ, ಬೆಳಗಾಗುವುದರೊಳಗೆ ಅಂಗಳದಲ್ಲಿ ಸೇರುತ್ತಿದ್ದ ಚಪ್ಪಲಿಗಳೂ ಹೋದವು. ಸಣಕಲ ಜೈಲು ಸೇರಿದ. ತನಿಖಾಧಿಕಾರಿಯಿಂದ ಅಕ್ಕನ ಹೆಸರಿಗೇ ಒಂದು ಕಾಗದ ಬಂತು. ಫೋಟೋದಲ್ಲಿರುವ ಅಂಗಿಗಳನ್ನು ಹೊಲಿದವರು ನೀವೇ? ಇವರನ್ನು ನಿಮ್ಮ ಹತ್ತಿರ ಕಳಿಸಿದವರು ಯಾರು? ಬರೆದು ತಿಳಿಸಿ.

ಅಕ್ಕ ಯಾವ ಕಾಲಕ್ಕೂ ಅಳತೆ ಬರೆದಿಟ್ಟವಳಲ್ಲ. ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೇ ಗುರುತು ಹಾಕುವವಳು. ಒಂದು ಒಗೆತಕ್ಕೆ ಅದೂ ಹೋಗುತ್ತದೆ. ಹಾಗಾಗಿ ಅವಳ ಮಾತೊಂದು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ತಮ್ಮನ ವಕೀಲ ಒಂದು ದಾರಿ ಕಂಡುಹಿಡಿದಿದ್ದ. ಟ್ಯಾಂಕಿನವನನ್ನು ಮಂತ್ರಿ ಕಳಿಸಿರಲಿಲ್ಲ, ಅದು ನಿಜ. ಅವನಿಂದ ಮಂತ್ರಿ ಒಂದು ಕಾಸು ಮುಟ್ಟಿರಲಿಲ್ಲ, ಅದೂ ನಿಜ. ಅಕ್ಕ ಅಷ್ಟನ್ನೇ ಬರೆದರೆ ಸಾಕು. "ಆ ಅಂಗಿಯನ್ನು ನಾನೇ ಕನಿಕರಪಟ್ಟು ಹೊಲಿದುಕೊಟ್ಟೆ, ನನ್ನ ತಮ್ಮ ಅವನನ್ನು ಕಳಿಸಿರಲಿಲ್ಲ." ಉಳಿದ ಅಂಗಿಗಳ ಪ್ರಶ್ನೆಗೆ, ನೆನಪಿಲ್ಲ ಎಂದು ಕೂಡ ಬರೆಯಬೇಕಿಲ್ಲ. ಸುಮ್ಮನೆ ಬಿಟ್ಟರಾಯಿತು. ಸತ್ತವರ ಕೇಸು ಟ್ಯಾಂಕಿನದು, ಟ್ಯಾಂಕಿನಲ್ಲಿ ತಮ್ಮನ ಕೈಯಿಲ್ಲ.

ಆ ಸಾಲಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ಅವಳಿಗೆ ಸಹಿ ಹಾಕಲು ಕೈ ಬಾರದೇ ಇದ್ದದ್ದು.

ಪಿ.ಎ. ಅತ್ತ ಹೋಗಿ ಇನ್ನೆರಡು ಅಂಗಿಯ ಜೇಬು ಬಿಚ್ಚುವುದರೊಳಗೆ ಬಾಗಿಲಲ್ಲಿ ನೆರಳು ಬಿತ್ತು. ಅಕ್ಕ ಕತ್ತೆತ್ತಿ ನೋಡಿದಳು. ಕಾಜಾದವಳು. ಗಂಡ ಹೋದಮೇಲೆ ಇದೇ ಮೊದಲ ಸಲ ಬಂದದ್ದು.

"ಕೆಲಸ ಇದ್ಯಾ ಅಕ್ಕ?" ಎಂದಳು ಅವಳು, ನಿನ್ನೆ ತಾನೆ ಎದ್ದುಹೋದವಳ ಹಾಗೆ.

"ಬಾರೇ. ಕೂತ್ಕೋ." ಅಕ್ಕನಿಗೆ ಮುಂದೇನು ಹೇಳಬೇಕೋ ತೋಚಲಿಲ್ಲ. "ಕಾಜಾ ಇಲ್ಲ ಕಣೇ. ಜೇಬು ಬಿಚ್ಚೋ ಕೆಲಸ."

"ಅದೂ ಕೆಲಸವೇ." ಕಾಜಾದವಳು ಕಾಲು ಮಡಿಸಿ ಕೂತು, ತುರುಬಿನಿಂದ ಪಿನ್ನು ತೆಗೆದು, ಒಂದಂಗಿ ಎಳೆದುಕೊಂಡಳು. ಅವಳ ಕೈ ಎಂದಿನಂತೆ ಓಡುತ್ತಿತ್ತು. ಮುಖ ಮಾತ್ರ ಅರ್ಧ ಆಗಿತ್ತು. "ಇಷ್ಟೊಂದು ಯಾರಿಗಕ್ಕ?"

"ಸಾಯಂಕಾಲದ ಸಭೆಗೆ. ಎಲ್ಲರೂ ಹಾಕ್ಕೊಂಡು ಬರಬೇಕಂತೆ."

"ಹೌದಾ? ಹಾಗಾದರೆ ಇನ್ನು ಊರವರೆಲ್ಲರ ಟ್ಯಾಂಕೂ ಪಾಸು ಅನ್ನಿ."

ಅಕ್ಕನ ಬ್ಲೇಡು ಜಾರಿ ಬೆರಳಿಗೆ ಗೀರಿತು. ಅವಳು ಬೆರಳನ್ನು ಬಾಯಿಗಿಟ್ಟುಕೊಂಡಳು. ಕಾಜಾದವಳು ನೋಡಿದಳು, ಒಂದು ಚಿಂದಿ ಹರಿದು ಮುಂದೆ ಚಾಚಿದಳು. ಇಬ್ಬರೂ ಇನ್ನೊಂದೊಂದು ಅಂಗಿ ಬಿಚ್ಚಿದರು. ಹೊರಗೆ ಯಾವುದೋ ಗಾಡಿ ನಿಂತ ಸದ್ದಾಯಿತು. ಪೊಲೀಸರೇನೋ ಎಂದು ಅಕ್ಕ ಕಿವಿ ನಿಮಿರಿಸಿದಳು. ಹಾಲಿನವನು. ಈಗೀಗ ಎಲ್ಲ ಸದ್ದೂ ಹಾಗೇ ಕೇಳುತ್ತಿತ್ತು.

"ಅಕ್ಕ, ನಿಮ್ಮನ್ನ ಒಂದು ಮಾತು ಕೇಳಲಾ? ಬೇಜಾರು ಮಾಡ್ಕೋಬೇಡಿ."

"ಕೇಳು."

"ಆ ಸಣಕಲ ಒಬ್ಬನೇ ಮಾಡಿದ್ದು, ಬೇರೆ ಯಾರದೂ ಕೈವಾಡ ಇಲ್ಲ ಅಂತ ಪೇಪರಲ್ಲಿ ಬಂದಿದೆಯಂತೆ. ನನ್ನ ಮೈದುನ ಓದಿ ಹೇಳಿದ. ಒಬ್ಬನೇ ಅಂದರೆ ನಾನು ಅವನೊಬ್ಬನ ಮನೆ ಮುಂದೆ ಮಣ್ಣು ತೂರಿ ಸುಮ್ಮನಾಗ್ತೀನಿ. ನಿಮಗೆ ಒಳಗಿಂದು ಗೊತ್ತಿರುತ್ತೆ. ನಿಜವಾ ಅಕ್ಕ?"

ಹೌದು ಎಂದರೆ ಮುಗಿಯಿತು. ಅವಳು ಎದ್ದು ಹೋಗುತ್ತಾಳೆ, ನಾಳೆಯಿಂದ ಮತ್ತೆ ಕಾಜಾ ಹಾಕಲು ಬರುತ್ತಾಳೆ. ಅಕ್ಕ ಬಾಯಿ ತೆರೆದಳು. ಒಂದು ಸಣ್ಣ "ಹೌದು" ಆಚೆ ಬರಲಿಲ್ಲ. ಕಾಜಾದವಳು ಕಾದಳು, ಕಾದು ತಲೆ ತಗ್ಗಿಸಿದಳು.

"ಬಿಡಿ ಅಕ್ಕ," ಎಂದಳು ಕೊನೆಗೆ. "ಉತ್ತರ ಬಂತು."

ಬಿಚ್ಚಿದ ಅಂಗಿಗಳನ್ನು ಮಡಿಸಿ ಒತ್ತಾಗಿಟ್ಟು, ಸೆರಗಿನ ದಾರ ಕೊಡವಿಕೊಂಡು, ಹೋಗಿಬರ್ತೀನಿ ಎನ್ನದೆ ಎದ್ದುಹೋದಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ಹೋದದ್ದಿಲ್ಲ.

ಮಧ್ಯಾಹ್ನ ತಮ್ಮ ಬಂದ. ಅಳತೆಗೆ ಬಂದವರು ಕೂರುವ ಸ್ಟೂಲಿನ ಮೇಲೆ ಕೂತ. ಸಭೆಗೆ ಹೊರಟ ಇಸ್ತ್ರಿ ಅಂಗಿ, ಮುಖ ಮಾತ್ರ ಇಸ್ತ್ರಿ ಇಲ್ಲದ್ದು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು.

"ಬರೆದೆಯಾ ಅಕ್ಕ?"

"ಬರೆದಿಟ್ಟಿದ್ದೀನಿ. ಸಹಿ ಹಾಕಿಲ್ಲ."

"ಯಾಕೆ? ಸುಳ್ಳು ಬರಿ ಅಂದ್ನಾ ನಾನು? ಆ ಟ್ಯಾಂಕಿನಲ್ಲಿ ನಾನು ಒಂದು ಕಾಸು ಮುಟ್ಟಿದ್ದರೆ ನನ್ನ ಕೈ ಕೊಳೆತುಹೋಗಲಿ."

"ಮುಟ್ಟಿಲ್ಲ. ನನಗೆ ಗೊತ್ತು."

"ಮತ್ತೆ?"

"ಅವನು ಕೊಡದೇ ಇದ್ದರೂ ಅವನಿಗೆ ಕೆಲಸ ಆಯ್ತಲ್ಲೋ. ಒಂದು ಅಂಗಿ ನೋಡಿ ಟ್ಯಾಂಕು ಕಟ್ಟೋಕೆ ಕೊಟ್ಟರು, ಒಂದು ಅಂಗಿ ನೋಡಿ ಸಿಮೆಂಟು ನೋಡದೆ ಬಿಟ್ಟರು. ಆ ಅಂಗಿಗೆ ಆ ಬೆಲೆ ಕಟ್ಟಿದವನು ಸಣಕಲನಾ? ನಾನಾ?"

ತಮ್ಮ ಟೇಪನ್ನು ಎತ್ತಿಕೊಂಡು ಅಂಗೈಗೆ ಸುತ್ತಿಕೊಂಡ. ಚಿಕ್ಕವನಿದ್ದಾಗಲೂ ಬೈಸಿಕೊಳ್ಳುವಾಗ ಹೀಗೇ ಮಾಡುತ್ತಿದ್ದ.

"ಎಲ್ಲರೂ ಮಾಡ್ತಾರೆ ಅಕ್ಕ. ನಾನು ಮಾಡದೇ ಇದ್ದಿದ್ದರೆ ಎರಡನೇ ಸಲ ಟಿಕೆಟ್ಟೂ ಸಿಕ್ತಿರಲಿಲ್ಲ. ಪಾರ್ಟಿಗೆ ಕೊಡಬೇಕು, ಮೇಲೆ ಕೊಡಬೇಕು, ಕೆಳಗೆ ಕೊಡಬೇಕು. ನಡುವೆ ನಿಂತವನ ಕೈಗೆ ಒಂದಿಷ್ಟು ಅಂಟುತ್ತೆ." ಟೇಪಿನ ಸುರುಳಿ ಬಿಚ್ಚಿದ. "ನೀರು ಬಿಡೋವಾಗ ಚೆನ್ನಾಗಿದ್ದೆ. ಜನ ಬೈತಿದ್ದರೂ ಚೆನ್ನಾಗಿದ್ದೆ."

ಅಕ್ಕ ಕೈಚಾಚಿ ಅವನ ಕಾಲರಿನ ಮಡಿಕೆ ಸರಿಮಾಡಿದಳು.

"ಜೈಲಿಗೆ ಹಾಕ್ತಾರೆ ಅಕ್ಕ ನನ್ನ. ಮೇಲಿನವರು ಒಬ್ಬರೂ ಫೋನು ಎತ್ತುತ್ತಿಲ್ಲ. ನನ್ನದೊಬ್ಬನದೇ ತಲೆ ಹೋಗೋದು. ನೀನು ಬರೆಯೋ ಒಂದು ಸಾಲಿನ ಮೇಲೆ ನಾನು ನಿಂತಿದ್ದೀನಿ. ಅಪ್ಪ ಅಮ್ಮ ಇದ್ದಿದ್ದರೆ ಅವರನ್ನ ಕೇಳ್ತಿದ್ದೆ. ನಿನ್ನನ್ನಲ್ಲದೆ ಯಾರನ್ನ ಕೇಳಲಿ?"

"ಕಾಜಾದವಳು ಬಂದಿದ್ದಳು ಕಣೋ."

"ಅವಳಿಗೆ ಪರಿಹಾರ ಕೊಡಿಸ್ತೀನಿ, ಮನೆ ಕೊಡಿಸ್ತೀನಿ..."

"ಅವಳು ಅದನ್ನ ಕೇಳಲಿಲ್ಲ."

ಹೊರಗೆ ಹಾರ್ನು ಕೂಗಿತು. ಸಭೆಗೆ ಅಂಗಿ ಸಾಗಿಸುವ ವ್ಯಾನು. ಆಳುಗಳು ಬಂದು ರಾಶಿಯನ್ನು, ಬಿಚ್ಚಿದ್ದು ಬಿಚ್ಚದ್ದು ನೋಡದೆ, ಒಟ್ಟಿಗೆ ಬಾಚಿಕೊಂಡು ಹೋದರು. ಅವರ ನಡುವೆ ತಮ್ಮ ಎದ್ದುನಿಂತ. "ಪಿ.ಎ. ಇಲ್ಲೇ ಇರ್ತಾನೆ. ಕಾಗದ ಅವನ ಕೈಯಲ್ಲಿ ಕೊಡು. ಅವನು ಹಾಕ್ತಾನೆ," ಎಂದ. ಬಾಗಿಲಲ್ಲಿ ತಿರುಗಿ ಅವಳನ್ನೊಮ್ಮೆ ನೋಡಿದ. ಆ ನೋಟದಲ್ಲಿ ಹೆದರಿಸುವುದೂ ಇತ್ತು, ಬೇಡಿಕೊಳ್ಳುವುದೂ ಇತ್ತು. ಯಾವುದು ಹೆಚ್ಚೆಂದು ಅವಳಿಗೆ ತಿಳಿಯಲಿಲ್ಲ.

ಕೋಣೆ ಖಾಲಿಯಾಯಿತು. ನೆಲದ ತುಂಬ ದಾರದ ತುಣುಕು. ಅಕ್ಕ ಡ್ರಾಯರು ಎಳೆದು ಕಾಗದ ತೆಗೆದಳು. ಒಂದು ಸಾಲು ಅಲ್ಲೇ ಕೂತಿತ್ತು, ನೆಟ್ಟಗೆ, ಚೊಕ್ಕವಾಗಿ. ಅದನ್ನು ಹೊಡೆದುಹಾಕಲಿಲ್ಲ. ಅದು ನಿಜವೇ ತಾನೆ? ಅದರ ಕೆಳಗೆ ಬರೆದಳು: ಉಳಿದವರನ್ನು ನನ್ನ ತಮ್ಮನೇ ಕಳಿಸುತ್ತಿದ್ದ. ನೆನಪಿದ್ದವರ ಹೆಸರು ಬರೆದಳು, ಹೆಸರು ಗೊತ್ತಿಲ್ಲದವರ ಗುರುತು ಬರೆದಳು. ಅವರು ಜೇಬು ಬೇಡವೆಂದು ಕೇಳಿ ಹೊಲಿಸಿಕೊಳ್ಳುತ್ತಿದ್ದದ್ದು, ಸಣಕಲ ಹೇಳಿದ ಮಾತು, ತಮ್ಮ ಕತ್ತರಿ ಕುಕ್ಕಿ ಕೂಗಿದ ಮಾತು. ಆಮೇಲೂ ತಾನು ಹೊಲಿದದ್ದು. ಸಹಿ ಹಾಕಿ, ಮತ್ತೆ ಓದದೆ, ಓದಿದರೆ ಹರಿದೇನು ಎಂಬ ಭಯಕ್ಕೆ, ಲಕೋಟೆಗೆ ಹಾಕಿ ಅಂಟಿಸಿಬಿಟ್ಟಳು.

ಪಿ.ಎ. ಪಡಸಾಲೆಯಲ್ಲೇ ಕಾದಿದ್ದ. ಲಕೋಟೆ ನೋಡಿದೊಡನೆ ಕೈ ಮುಂದೆ ಮಾಡಿದ.

"ಕೊಡಿ ಅಕ್ಕ. ಅಯ್ಯೋ, ಅಂಟಿಸಿಬಿಟ್ರಾ? ಯಜಮಾನರು ಒಂದು ಸಲ ನೋಡಿ ಕಳಿಸು ಅಂದಿದ್ದರು."

"ನನ್ನ ಹೆಸರಿಗೆ ಬಂದ ಕಾಗದ. ಉತ್ತರ ನಾನೇ ಹಾಕ್ತೀನಿ." ಅಕ್ಕ ಚಪ್ಪಲಿ ಮೆಟ್ಟಿಕೊಂಡಳು.

"ಬಿಸಿಲು ಅಕ್ಕ!"

"ನನಗೇನು ಬಿಸಿಲು ಹೊಸದಾ?"

ಅವನು ಗೇಟಿನವರೆಗೆ ಬಂದ, ಗೇಟಿನಾಚೆಯೂ ಬಂದ. ಒಂದು ಕಿವಿಗೆ ಫೋನು ಒತ್ತಿಕೊಂಡು ಅವಳ ಪಕ್ಕದಲ್ಲೇ ಹೆಜ್ಜೆ ಹಾಕಿದ. ಸಭೆಯ ಗದ್ದಲದಲ್ಲಿ ಯಜಮಾನರು ಫೋನು ಎತ್ತುತ್ತಿರಲಿಲ್ಲ. "ಅಕ್ಕ, ಏನು ಬರೆದಿದ್ದೀರಿ ಅಂತಾದರೂ ಹೇಳಿ. ನನಗೂ ಹೆಂಡತಿ ಮಕ್ಕಳಿದ್ದಾರೆ ಅಕ್ಕ." ಮತ್ತೆ ಫೋನು ಒತ್ತಿದ. "ಸ್ವಲ್ಪ ನಿಧಾನ ನಡೀರಿ, ಬಿದ್ದುಗಿದ್ದೀರಿ." ಅಕ್ಕ ನಿಧಾನ ಮಾಡಲಿಲ್ಲ. ನಿಂತರೆ ತಿರುಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಕ್ಷೌರದಂಗಡಿ ದಾಟಿತು, ಔಷಧಿ ಅಂಗಡಿ ದಾಟಿತು. ಅಂಗಡಿಯವರು ಮೊದಲಾಗಿದ್ದರೆ ಎದ್ದುನಿಂತು ಕೈಮುಗಿಯುತ್ತಿದ್ದರು. ಈಗ ಕಣ್ಣು ತಪ್ಪಿಸಿದರು. ಬೆವರಿಗೆ ಲಕೋಟೆಯ ಮೂಲೆ ಮೆತ್ತಗಾಗುತ್ತಿತ್ತು. ಅವಳು ಅದನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು.

ಅಂಚೆ ಕಚೇರಿಯ ಕೌಂಟರಿನಲ್ಲಿ ಸಾಲಿತ್ತು. ಅವಳ ಸರದಿ ಬರುವ ಹೊತ್ತಿಗೆ ಪಿ.ಎ.ಗೆ ಫೋನು ಸಿಕ್ಕಿತು. ಅವನು ಮೂಲೆಗೆ ಹೋಗಿ ಬಾಯಿ ಮುಚ್ಚಿಕೊಂಡು ಏನೋ ಹೇಳಿ, ಓಡಿಬಂದು ಫೋನನ್ನು ಅವಳ ಕಿವಿಗೇ ಹಿಡಿದ.

"ಯಜಮಾನರು. ಮಾತಾಡಿ."

ಮೊದಲು ಕೇಳಿದ್ದು ಜಯಕಾರ. ಆಮೇಲೆ ತಮ್ಮನ ಉಸಿರು.

"ಅಕ್ಕ, ಏನು ಬರೆದೆ?"

"ನೀನು ಕಳಿಸದವನನ್ನೂ ಬರೆದೆ. ಕಳಿಸಿದವರನ್ನೂ ಬರೆದೆ."

ಆ ಕಡೆ ಜಯಕಾರ ಜೋರಾಯಿತು. ಯಾರೋ ಅವನನ್ನು ವೇದಿಕೆಗೆ ಕರೆಯುತ್ತಿದ್ದರು.

"ಹಾಕಬೇಡ ಅಕ್ಕ. ನಿನ್ನ ಕಾಲು ಹಿಡೀತೀನಿ. ಮನೆಗೆ ಬರ್ತೀನಿ, ಕೂತು ಮಾತಾಡೋಣ. ನಾಳೆ ಹಾಕು, ನಾಳೆ ಖಂಡಿತ ಹಾಕು."

ನಾಳೆ ಎನ್ನುವ ಮಾತಿಗೆ ಅವಳ ಕೈ ಒಂದು ಗಳಿಗೆ ಹಿಂದೆ ಸರಿಯಿತು. ಇಷ್ಟು ವಾರ ಅವಳೂ ಅದನ್ನೇ ಹೇಳಿಕೊಂಡು ಬಂದಿದ್ದಳು.

"ನಾನೂ ಬರ್ತೀನಿ ಕಣೋ," ಎಂದಳು. "ಎಲ್ಲಿಗೆ ಕರೆದರೂ ನಿನ್ನ ಜೊತೆ ನಾನೂ ಬರ್ತೀನಿ. ನಿನ್ನೊಬ್ಬನನ್ನೇ ಬಿಡಲ್ಲ."

"ಅಕ್ಕಾ!"

"ಅಮ್ಮಾ, ಕೊಡ್ತೀರೋ ಇಲ್ಲವೋ?" ಕೌಂಟರಿನ ಗುಮಾಸ್ತ ಗಾಜಿನ ಮೇಲೆ ಬೆರಳಿನಿಂದ ಕುಟ್ಟಿದ. "ಹಿಂದೆ ಜನ ನಿಂತಿದ್ದಾರೆ."

ಅಕ್ಕ ಫೋನಿನಿಂದ ಕಿವಿ ತೆಗೆದು, ಗಾಜಿನ ಕೆಳಗಿನ ಸಂದಿಯಲ್ಲಿ ಲಕೋಟೆಯನ್ನು ಒಳಕ್ಕೆ ತಳ್ಳಿದಳು. "ರಿಜಿಸ್ಟರ್ ಮಾಡಿ," ಎಂದಳು. ಗುಮಾಸ್ತ ಅದನ್ನು ತೂಕಕ್ಕೆ ಹಾಕಿದ, ವಿಳಾಸ ಓದಿದ, ಒಮ್ಮೆ ಕತ್ತೆತ್ತಿ ಅವಳ ಮುಖ ನೋಡಿದ. ಅಂಚೆಚೀಟಿ ಹಚ್ಚಿ ಎರಡು ಸಲ ಮುದ್ರೆ ಒತ್ತಿ, ರಸೀದಿ ಹರಿದುಕೊಟ್ಟು, ಲಕೋಟೆಯನ್ನು ಹಿಂದಿದ್ದ ಚೀಲದೊಳಕ್ಕೆ ಎಸೆದ.

"ಮುಂದಿನವರು ಬನ್ನಿ," ಎಂದ.